ಗಿಟಾರ್ ಒಳಗಿನ ಮೇರಿ

ಹಳೇ ಗಿಟಾರ್ ಮಾರಾಟದ ಜಾಹೀರಾತು ಓದುವ ಚಟವೊಂದು ನನಗಿದೆ. ಕೊಳ್ಳೋದು ಆಗದ ಮಾತು. ಅಮೆರಿಕದ ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರು ಸ್ಟ್ರಾಟೊಕಾಸ್ಟರ್, 1950ರ ದಶಕದ್ದು ಅಂದ್ರೆ ಹತ್ತಾರು ಲಕ್ಷ ರೂಪಾಯಿ. ಆದರೂ ಓದುತ್ತೇನೆ, ಸುಮ್ನೆ. ಈ ಜಾಹೀರಾತುಗಳಿಗೆ ಅವುಗಳದ್ದೇ ಒಂದು ಧಾಟಿ ಇದೆ. ಬಣ್ಣ ಮೊದಲಿನದ್ದೇ. ಸ್ಕ್ರೂ ಮೊದಲಿನವೇ. ಬೆಸುಗೆಯನ್ನು ಯಾರೂ ಮುಟ್ಟಿಲ್ಲ. ನಾಬ್‌ಗಳ ಬಿಳಿ ಪ್ಲಾಸ್ಟಿಕ್ಕು ಹಳದಿಯಾಗಿದೆ, ಅದೂ ಒಂದು ಹೆಗ್ಗಳಿಕೆ. ಇವುಗಳ ನಡುವೆ ಎಲ್ಲೋ ಒಂದು ಕಡೆ ಬರುತ್ತೆ: ಒಳಗಿನ ಮಾಸ್ಕಿಂಗ್ ಟೇಪ್ ಹಾಗೇ ಇದೆ, ಅದರ ಮೇಲೆ ಮೇರಿ ಅಂತ ಬರೆದಿದೆ. ಮುಂದಿನ ಸಾಲಿನಲ್ಲಿ ಪೆಟ್ಟಿಗೆಯ ವಿವರ ಶುರು. ನಾನು ಮಾತ್ರ ಮೇರಿಯ ಹತ್ರಾನೇ ನಿಂತುಬಿಡುತ್ತೇನೆ. ಒಬ್ಬ ಹೆಂಗಸಿನ ಹೆಸರು ಸ್ಕ್ರೂ, ನಾಬುಗಳ ಸಾಲಿಗೆ ಬಂದು ಸೇರಿಕೊಂಡಿದ್ದು ಹೇಗೆ ಅನ್ನೋದು ತಲೆಯಲ್ಲಿ ಕೊರೆಯುತ್ತಲೇ ಇರುತ್ತೆ.

ಸ್ಟ್ರಾಟೊಕಾಸ್ಟರ್ ನೋಡಿದವರಿಗೆ ಗೊತ್ತು, ಅದರ ಮುಂಭಾಗದಲ್ಲಿ ಅಗಲವಾದ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತೆ, ಪಿಕ್‌ಗಾರ್ಡ್. ತಂತಿಯ ಸದ್ದು ಹಿಡಿಯುವ ಪಿಕಪ್, ಸ್ವಿಚ್ಚು, ವಾಲ್ಯೂಮು, ಟೋನು, ಎಲ್ಲ ಅದಕ್ಕೇ ಅಂಟಿಕೊಂಡಿರುತ್ತವೆ. ಸ್ಕ್ರೂ ಬಿಚ್ಚಿ ಆ ತಟ್ಟೆಯನ್ನು ಮಗುಚಿದರೆ ಕೆಳಗೆ ಮರದಲ್ಲಿ ಕೊರೆದ ಗುಂಡಿ. 1950ರ ದಶಕದ ಗಿಟಾರುಗಳಲ್ಲಿ ಆ ಗುಂಡಿಯೊಳಗೆ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿರೋದು ಉಂಟು. ಅದರ ಮೇಲೆ ಒಳಗಿನ ತಂತಿ ಬೆಸೆದವಳ ಹೆಸರು, ಒಂದು ತಾರೀಕು. ಮೇರಿ. ಗ್ಲೋರಿಯಾ. ಅದೇ ಕಂಪನಿಯ ಆಂಪ್ಲಿಫೈಯರ್‌ಗಳನ್ನು ಬಿಚ್ಚಿದರೂ ಒಳಗೆ ಇಂಥದ್ದೇ ಟೇಪ್: ಲಿಲಿ, ಲೂಪೆ. ಇನ್ನು ಗಿಟಾರಿನ ನೆಕ್, ಅಂದರೆ ಎಡಗೈಯಲ್ಲಿ ಹಿಡಿಯುವ ಉದ್ದನೆಯ ಕತ್ತು, ಕಳಚಿದರೆ ಅದರ ಬುಡದಲ್ಲಿ ಪೆನ್ಸಿಲ್ಲಿನ ಬರಹ. ತಿಂಗಳು, ವರ್ಷ, ಕೆಲವೊಮ್ಮೆ ದಿನ. ಕೆಲವದರಲ್ಲಿ ಜತೆಗೆ ಎರಡು ಅಕ್ಷರ, ಟಿಜಿ. ಟಡೇಯೊ ಗೋಮೆಜ್ ಅಂತ. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನ ಫೆಂಡರ್ ಕಾರ್ಖಾನೆಯಲ್ಲಿ ನೆಕ್‌ಗಳನ್ನು ಉಜ್ಜಿ ಆಕಾರ ಕೊಡುತ್ತಿದ್ದ ಮನುಷ್ಯ.

ಇಷ್ಟೇ ಬರಹ. ಕವಿತೆ ಇಲ್ಲ, ಮುಂದಿನ ಪೀಳಿಗೆಗೆ ಸಂದೇಶ ಇಲ್ಲ, ಪ್ರೇಮಪತ್ರವಂತೂ ಇಲ್ಲವೇ ಇಲ್ಲ. ಆದರೂ ಇಂಥ ಫೋಟೊ ಕಂಡಾಗ ಗಿಟಾರ್ ಹುಚ್ಚಿನವರೆಲ್ಲ ಕಾಲದಾಚೆಯಿಂದ ಯಾರೋ ಕೈ ಬೀಸಿದರು ಅನ್ನೋ ಹಾಗೆ ಕರಗಿಹೋಗುತ್ತಾರೆ. ನಾನೂ ಕರಗುವ ಪೈಕಿಯೇ. ಅದಕ್ಕೇ ಸ್ವಲ್ಪ ಅನುಮಾನ.

ನಾಲ್ಕು ಸ್ಕ್ರೂ

ಈ ಹೆಸರುಗಳು ಹೊರಗೆ ಬಂದಿದ್ದೇ ಆ ಗಿಟಾರು ಕಟ್ಟಿದ ರೀತಿಯಿಂದ. ಕಂಪನಿ ಕಟ್ಟಿದ ಲಿಯೋ ಫೆಂಡರ್ ವಾದ್ಯ ಮಾಡುವ ಮನೆತನದವನಲ್ಲ. ಅವನಿಗೆ ಗಿಟಾರ್ ನುಡಿಸೋಕೂ ಬರ್ತಿರಲಿಲ್ಲ. ಫುಲ್ಲರ್ಟನ್‌ನಲ್ಲಿ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟವನು. ರಿಪೇರಿಯವನ ತಲೆ ಹೇಗೆ ಓಡುತ್ತೆ? ಕೆಟ್ಟರೆ ಬಿಚ್ಚಬೇಕು, ಕೆಟ್ಟ ಭಾಗ ತೆಗೆದು ಬೇರೆ ಹಾಕಬೇಕು, ಮುಚ್ಚಿ ಗಿರಾಕಿಗೆ ಕೊಡಬೇಕು. 1950ರಲ್ಲಿ ಬಂದ ಬ್ರಾಡ್‌ಕಾಸ್ಟರ್ (ಮುಂದೆ ಅದಕ್ಕೇ ಟೆಲಿಕಾಸ್ಟರ್ ಅಂತ ಹೆಸರಾಯ್ತು), 1954ರ ಸ್ಟ್ರಾಟೊಕಾಸ್ಟರ್, ಎರಡೂ ಹೀಗೇ. ಬಾಡಿ ಒಂದು ಹಲಗೆ. ನೆಕ್ ಇನ್ನೊಂದು ತುಂಡು. ಹಿಂದಿನಿಂದ ಒಂದು ಲೋಹದ ತಗಡು ಇಟ್ಟು ನಾಲ್ಕು ಸ್ಕ್ರೂ ಬಿಗಿದರೆ ಮುಗೀತು. ಆ ಕಾಲದ ವಾದ್ಯ ಕುಶಲಕರ್ಮಿಗಳಿಗೆ ಇದು ಗಿಟಾರಿಗೆ ಮಾಡಿದ ಅವಮಾನದ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ. ಅವರ ಪ್ರಕಾರ ನೆಕ್ ಅನ್ನೋದನ್ನು ಗೋಂದು ಹಾಕಿ ಕೂರಿಸಬೇಕು, ಒಮ್ಮೆ ಕೂತರೆ ಮತ್ತೆ ಏಳಬಾರದು.

ಹಾಗೆ ಕೂರಿಸಿದ್ದರೆ ಟಡೇಯೊ ಗೋಮೆಜ್‌ನ ಎರಡಕ್ಷರ ಯಾವತ್ತೂ ಬೆಳಕು ಕಾಣ್ತಿರಲಿಲ್ಲ. ಮಿಷಿಗನ್ ರಾಜ್ಯದ ಕಲಮಜೂ ಊರಿನ ಗಿಬ್ಸನ್ ಕಾರ್ಖಾನೆಯಲ್ಲಿ ಗೋಂದಿನ ಪದ್ಧತಿ. ಅಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಗಂಡಸರು ಸೈನ್ಯಕ್ಕೆ ಹೋದ ಮೇಲೆ ಗಿಟಾರ್ ಮಾಡಿದ್ದು ಹೆಚ್ಚಾಗಿ ಹೆಂಗಸರು. ಅವು ಎಲೆಕ್ಟ್ರಿಕ್ ಅಲ್ಲ, ಮರದ ಡೊಳ್ಳಿನ ಸಾದಾ ಗಿಟಾರು. ಆದರೆ ಯುದ್ಧದ ವರ್ಷಗಳಲ್ಲಿ ಗಿಟಾರ್ ಕೆಲಸವೇ ನಿಂತಿತ್ತು ಅನ್ನೋ ಮಾತೇ ಬಹಳ ಕಾಲ ಚಾಲ್ತಿಯಲ್ಲಿತ್ತು. ಕಾರ್ಖಾನೆ ಮುಂದೆ ಸಾಲಾಗಿ ನಿಂತ ಹೆಂಗಸರ ಒಂದು ಹಳೇ ಫೋಟೊ ಹಿಡಿದು ಜಾನ್ ಥಾಮಸ್ ಅನ್ನೋ ಕಾನೂನು ಮೇಷ್ಟ್ರು ಹುಡುಕುತ್ತಾ ಹೋದ ಮೇಲೆ ಅವರಲ್ಲಿ ಕೆಲವರು ಸಿಕ್ಕರು. ಆ ಹೊತ್ತಿಗೆ ಎಲ್ಲರೂ ಮುದುಕಿಯರು. ಅಲ್ಲಿ ಹೆಸರು ಸಿಗೋದಕ್ಕೆ ಒಬ್ಬ ಮನುಷ್ಯ ಮನೆಮನೆ ಬಾಗಿಲು ತಟ್ಟಬೇಕಾಯ್ತು. ಫುಲ್ಲರ್ಟನ್‌ನ ಹೆಂಗಸರ ಹೆಸರು ಸಿಗೋದಕ್ಕೆ ಒಂದು ಸ್ಕ್ರೂಡ್ರೈವರ್ ಸಾಕು. ಕಲೆ ಅಂತ ಮಾಡಿದ ಗಿಟಾರು ಮಾಡಿದವರನ್ನು ಮುಚ್ಚಿಟ್ಟಿತು, ರೇಡಿಯೊ ಥರ ಜೋಡಿಸಿದ್ದು ಅವರನ್ನು ಬಿಟ್ಟುಕೊಟ್ಟಿತು. ಈ ತಮಾಷೆ ನನಗೆ ಬಹಳ ಇಷ್ಟ.

ಅತ್ತೆ ನೋಡಿದ್ದು ಬೆಸುಗೆ

ನನ್ನ ಸೋದರತ್ತೆ ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯಲ್ಲಿ ವೈರಿಂಗ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಉದ್ದನೆಯ ಮೇಜು, ಎರಡೂ ಕಡೆ ಹೆಂಗಸರು, ಎಲ್ಲರ ಕೈಯಲ್ಲೂ ಸೋಲ್ಡರಿಂಗ್ ಐರನ್ನು. ಒಂದು ಹಬ್ಬದ ಮಧ್ಯಾಹ್ನ, ಊಟ ಆಗಿ ಎಲ್ಲರೂ ಅಡ್ಡಾಗಿದ್ದಾಗ, ಮೇರಿಯ ಟೇಪ್ ಇದ್ದ ಫೋಟೊವನ್ನು ಫೋನಿನಲ್ಲಿ ಅವರಿಗೆ ತೋರಿಸಿದೆ. ಎಪ್ಪತ್ತು ವರ್ಷದ ಹಿಂದೆ ಅಮೆರಿಕದಲ್ಲಿ ನಿಮ್ಮ ಹಾಗೇ ಕೆಲಸ ಮಾಡ್ತಿದ್ದೋರು ಅತ್ತೆ, ನೋಡಿ, ಹೆಸರು ಬರೆದಿಟ್ಟಿದ್ದಾರೆ ಅಂದೆ. ನನ್ನ ದನಿಯಲ್ಲಿ ಒಂಚೂರು ಭಾವುಕತೆ ಇತ್ತು ಅಂತ ಒಪ್ಪಿಕೊಳ್ಳಬೇಕು.

ಅತ್ತೆ ಕನ್ನಡಕ ಹಾಕಿಕೊಂಡು ಫೋನ್ ಇಸಕೊಂಡರು. ಟೇಪ್ ಕಡೆ ಕಣ್ಣೇ ಹೋಗಲಿಲ್ಲ. ಎರಡು ಬೆರಳಲ್ಲಿ ಫೋಟೊ ಹಿಗ್ಗಿಸಿ ವಾಲ್ಯೂಮ್ ಕಂಟ್ರೋಲ್‌ನ ಬೆನ್ನ ಮೇಲಿದ್ದ ಬೆಸುಗೆ ನೋಡಿದರು. ಬಟ್ಟೆ ಹೊದಿಕೆಯ ಹಳೇ ಕಾಲದ ತಂತಿ, ಅದನ್ನು ಎಲ್ಲಿಂದ ಎಲ್ಲಿಗೆ ಎಳೆದಿದ್ದಾರೆ ಅಂತ ಬೆರಳಿಟ್ಟುಕೊಂಡು ಹೋದರು. ಆಮೇಲೆ, "ಎಲ್ಲೂ ಡ್ರೈ ಇಲ್ಲ, ಬೆಸುಗೆ ಎಲ್ಲಾ ಗಟ್ಟಿ ಹಿಡ್ಕೊಂಡಿದೆ. ತಂತೀನ ಮೊದ್ಲು ತೂತಿಗೆ ಸಿಕ್ಕಿಸಿ ಸುತ್ತಿ ಆಮೇಲೆ ಬೆಸುಗೆ ಇಟ್ಟಿದ್ದಾಳೆ. ಇಲ್ಲಿ ಮಾತ್ರ ಸೀಸ ಜಾಸ್ತಿ ಆಗಿದೆ. ಕೆಲಸ ಗೊತ್ತಿರೋಳು" ಅಂದರು. ಹೆಸರು ಬರೆದಿದ್ದಾಳಲ್ಲ ಅತ್ತೆ, ಅಂದೆ ಮತ್ತೆ. ಆಗ ಟೇಪ್ ನೋಡಿ ನಕ್ಕರು. "ಅದನ್ನ ಪ್ರೀತಿಗೆ ಬರೆದಿದ್ದಾಳೆ ಅನ್ಕೊಂಡ್ಯೇನೋ? ಪೀಸ್ ವಾಪಸ್ ಬಂದ್ರೆ ಯಾರ ಕೈದು ಅಂತ ಗೊತ್ತಾಗ್ಬೇಕಲ್ಲ. ಅದಕ್ಕೇ ತಾರೀಕು ಹಾಕಿರೋದು. ನಮಗೂ ಇತ್ತು. ನಮ್ದು ಹೆಸರಲ್ಲ, ನಂಬರ್ ಸೀಲು." ನಿಮ್ಮ ನಂಬರ್ ಎಷ್ಟು ಅಂತ ಕೇಳಿದೆ. "73," ಅಂದರು, ಯೋಚನೆ ಕೂಡ ಮಾಡದೆ. ಮಗಳ ಫೋನ್ ನಂಬರು ಅವರಿಗೆ ಬಾಯಿಗೆ ಬರಲ್ಲ.

ಅವತ್ತಿನಿಂದ ಆ ಟೇಪನ್ನು ನಾನು ನೋಡುವ ರೀತಿ ಬದಲಾಯ್ತು. ಅತ್ತೆ ಹೇಳಿದ್ದು ಸರಿಯಾಗಿಯೇ ಇದೆ. ಖುಷಿಗೆ ಹೆಸರು ಕೆತ್ತುವವರು ತಾರೀಕು ಹಾಕಬಹುದು, ಹಾಕದೇ ಇರಬಹುದು. ದಿನವೂ, ಪ್ರತಿ ಪೀಸಿಗೂ, ಅದೇ ಜಾಗದಲ್ಲಿ, ಅದೇ ಟೇಪಿನಲ್ಲಿ ಹೆಸರು ಮತ್ತು ತಾರೀಕು ಬರೆಯೋದು ಕೆಲಸದ ಭಾಗ. 1953ರಲ್ಲಿ ಫೆಂಡರ್ ಕಾರ್ಖಾನೆ ಫುಲ್ಲರ್ಟನ್‌ನ ರೇಮಂಡ್ ಅವೆನ್ಯೂದ ದೊಡ್ಡ ಜಾಗಕ್ಕೆ ಹೋಯಿತು. ಮರುವರ್ಷ ಫಾರೆಸ್ಟ್ ವೈಟ್ ಅನ್ನೋರು ಕಾರ್ಖಾನೆಯ ಆಡಳಿತ ನೋಡಿಕೊಳ್ಳೋಕೆ ಸೇರಿಕೊಂಡರು. ಅಂದರೆ ಲಿಯೋನ ಅಂಗಡಿ ನಿಜವಾದ ಕಾರ್ಖಾನೆ ಆಗುತ್ತಿದ್ದ ಹೊತ್ತು ಅದು. ಆ ಹೊತ್ತಿನ ಕಾಗದಪತ್ರ ಅಂದ್ರೆ ಈ ಟೇಪೇ. ದೂರು ಬಂದರೆ ಬೆರಳು ತೋರಿಸೋಕೆ ಅಂತ ಇಟ್ಟ ಹೆಸರು, ದೂರೇ ಬಾರದೆ ಹಾಗೇ ಉಳಿದುಕೊಂಡಿದೆ. ಹಾಗೆ ನೋಡಿದರೆ ಟೇಪ್ ಇನ್ನೂ ಅಂಟಿಕೊಂಡಿರುವ ಪ್ರತಿ ಗಿಟಾರಿನಲ್ಲೂ ಮೇರಿ ಪಾಸಾಗಿದ್ದಾಳೆ.

ಪೆನ್ಸಿಲ್ಲಿನ ಮಾತೇ ಕೊನೆ

ಈಗ ಮಾರುಕಟ್ಟೆ ಅದೇ ಹೆಸರನ್ನು ತಿರುಗಾ ಮುರುಗಾ ಓದುತ್ತೆ. ಫೆಂಡರ್‌ನ ಸೀರಿಯಲ್ ನಂಬರುಗಳನ್ನು ನೆಚ್ಚಿ ವರ್ಷ ಹೇಳೋಕಾಗಲ್ಲ. ನಂಬರ್ ಒತ್ತಿದ ತಗಡುಗಳು ಡಬ್ಬಿಯಲ್ಲಿ ರಾಶಿ ಬಿದ್ದಿರುತ್ತಿದ್ದವು. ಜೋಡಿಸುವವರು ಕೈಗೆ ಸಿಕ್ಕಿದ್ದನ್ನು ತೆಗೆದು ಬಿಗಿಯುತ್ತಿದ್ದರು. 1954ರಲ್ಲಿ ಮೊದಲು ಹೊರಬಂದ ಸ್ಟ್ರಾಟೊಕಾಸ್ಟರಿನ ಮೇಲೆ 0001 ಇರಬೇಕು ಅಂತೇನೂ ಇಲ್ಲ. ಆ ನಂಬರಿನ ಗಿಟಾರ್ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಹತ್ತಿರ ಇತ್ತು, 2019ರ ಹರಾಜಿನಲ್ಲಿ 18 ಲಕ್ಷ ಡಾಲರ್ ದಾಟಿತು. ಆದರೂ ಅದು ತಯಾರಾದ ಮೊದಲನೆಯದ್ದಲ್ಲ ಅಂತ ಬಲ್ಲವರು ಹೇಳುತ್ತಲೇ ಬಂದಿದ್ದಾರೆ. ಕಂಪನಿ ಅಧಿಕೃತವಾಗಿ ಒತ್ತಿದ ನಂಬರ್ ಹೀಗೆ ಕೈಕೊಡುವಾಗ ವರ್ಷ ನಿರ್ಧಾರ ಮಾಡೋಕೆ ಎಲ್ಲರೂ ಹೋಗೋದು ನೆಕ್ ಬುಡದ ಪೆನ್ಸಿಲ್ ಬರಹಕ್ಕೆ, ಗುಂಡಿಯೊಳಗಿನ ಟೇಪಿಗೆ. ಕಾರ್ಮಿಕರ ಕೈಬರಹ ಕೋರ್ಟಿನಲ್ಲಿ ಸಾಕ್ಷಿ ನಿಂತ ಹಾಗೆ.

ಸಾಕ್ಷಿಗೆ ಬೆಲೆ ಬಂದ ಮೇಲೆ ಸುಳ್ಳು ಸಾಕ್ಷಿಯೂ ಬರಲೇಬೇಕಲ್ಲ. ಪೆನ್ಸಿಲ್ಲಿನಲ್ಲಿ ತಾರೀಕು ತಿದ್ದುವವರಿದ್ದಾರೆ. ಹೊಸ ಟೇಪನ್ನು ಹಳೆಯದರ ಹಾಗೆ ಮಾಡಿ ಅಂಟಿಸುವವರಿದ್ದಾರೆ. ಅವರನ್ನು ಹಿಡಿಯೋಕೆ ನೇರಳಾತೀತ ಬೆಳಕಿನ ದೀಪ ಹಿಡಿದು, ಹಳೇ ಲ್ಯಾಕರ್ (ಮೆರುಗೆಣ್ಣೆ) ಹೊಳೆಯುವ ಬಗೆ ನೋಡುವ ಪರಿಣತರಿದ್ದಾರೆ. ಅವರು ನೋಡುವ ಇನ್ನೊಂದು ಗುರುತು ನನಗೆ ಟೇಪಿಗಿಂತ ಕುತೂಹಲದ್ದು. ಬಣ್ಣ ಹೊಡೆಯುವ ವಿಭಾಗದಲ್ಲಿ ಬಾಡಿಯ ಮುಖಕ್ಕೆ ಮೂರೋ ನಾಲ್ಕೋ ಸಣ್ಣ ಮೊಳೆ ಹೊಡೆಯುತ್ತಿದ್ದರು. ಬಣ್ಣ ಹೊಡೆದ ಬಾಡಿಯನ್ನು ಮಗುಚಿ ಒಣಗೋಕೆ ಇಟ್ಟರೆ ಆ ಮೊಳೆಗಳೇ ಕಾಲು. ಒಣಗಿದ ಮೇಲೆ ಮೊಳೆ ಕಿತ್ತರೆ ಅಲ್ಲಿ ಬಣ್ಣ ಸೇರದ, ಒಳಗೆ ಬಿಳೀ ಮರ ಕಾಣುವ ತೂತು. ಎಷ್ಟೋ ತೂತು ಪಿಕ್‌ಗಾರ್ಡ್ ಕೆಳಗೆ ಮುಚ್ಚಿಹೋಗುತ್ತವೆ. ತೂತಿನೊಳಗೂ ಬಣ್ಣ ಹೋಗಿದ್ದರೆ ಆಮೇಲೆ ಯಾರೋ ಮತ್ತೆ ಬಣ್ಣ ಹೊಡೆದಿದ್ದಾರೆ ಅಂತ ಲೆಕ್ಕ, ಬೆಲೆ ಅರ್ಧಕ್ಕೆ ಬಂತು ಅಂತ ಲೆಕ್ಕ. ಮೊಳೆ ಹೊಡೆದವನು ಹೆಸರು ಬರೆದಿಲ್ಲ. ಬರೆ ಅಂತ ಅವನಿಗೆ ಯಾರೂ ಹೇಳಲೂ ಇಲ್ಲವೇನೋ. ಬೆಸುಗೆ ಬಿಟ್ಟರೆ ಗಿಟಾರ್ ಮೂಕ, ಮೊಳೆ ಒಂದಿಂಚು ಆಚೆ ಹೋದರೆ ಯಾರಿಗೂ ನಷ್ಟವಿಲ್ಲ. ಯಾರ ಹೆಸರು ಉಳಿಯಿತು ಅನ್ನೋದು ಯಾರ ತಪ್ಪು ದುಬಾರಿ ಅನ್ನೋದರ ಮೇಲೆ ನಿಂತಿತ್ತು ಅಂತ ನನ್ನ ಊಹೆ.

ಟಡೇಯೊ ಗೋಮೆಜ್ ವಿಷಯದಲ್ಲಿ ಮಾತ್ರ ಗುರುತು ಕೈಗೇ ತಾಗುತ್ತೆ. ಆಗ ನೆಕ್‌ನ ಬೆನ್ನಿನ ಉರುಟು ಯಂತ್ರದ್ದಲ್ಲ. ತಿರುಗುವ ಸ್ಯಾಂಡರ್ ಮುಂದೆ ನಿಂತು, ಮೇಪಲ್ ಮರದ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಹೊರಳಿಸುತ್ತಾ ಉಜ್ಜಬೇಕು. ಜಾಸ್ತಿ ಉಜ್ಜಿದರೆ ವಾಪಸ್ ತರೋಕಾಗಲ್ಲ. 1954ರ ನೆಕ್‌ಗಳು ದಪ್ಪ. 1956ರ ಸುಮಾರಿಗೆ ಬೆನ್ನಿನ ನಡುವೆ ಮೆತ್ತಗಿನ ಒಂದು ಏಣು ಬರುತ್ತೆ, ಎಡಗೈ ಹೆಬ್ಬೆರಳು ಅದರ ಮೇಲೆ ಕೂರುತ್ತೆ. ಒಂದರ ಹಾಗೆ ಇನ್ನೊಂದಿಲ್ಲ. ಟಿಜಿ ನೆಕ್ ಅಂತ ಹುಡುಕುವವರು ಈ ಹಿಡಿತಕ್ಕೇ ಹುಡುಕೋದು. ಹೀಗಿದ್ದರೂ ನೆಕ್ ಒಬ್ಬರದು, ವೈರಿಂಗ್ ಇನ್ನೊಬ್ಬರದು, ಬಾಡಿ ಮತ್ತೊಬ್ಬರದು, ಅವು ಒಂದೇ ಗಿಟಾರಿನಲ್ಲಿ ಸೇರಿದ್ದು ಆವತ್ತಿನ ಟ್ರಾಲಿಯಲ್ಲಿ ಏನಿತ್ತು ಅನ್ನೋದರ ಮೇಲೆ. ಇಂಗ್ಲೆಂಡಿನ ಹೆಸರಾಂತ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ 1970ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹಳೇ ಸ್ಟ್ರಾಟೊಕಾಸ್ಟರ್‌ಗಳನ್ನು ಕೊಂಡು, ಅವುಗಳಲ್ಲಿ ಮೂರರ ಒಳ್ಳೊಳ್ಳೆ ಭಾಗ ಆಯ್ದು ಒಂದು ಮಾಡಿಕೊಂಡ, ಅದೇ ಬ್ಲ್ಯಾಕಿ. 2004ರಲ್ಲಿ 9,59,500 ಡಾಲರಿಗೆ ಹೋಯ್ತು. ಅದರಲ್ಲಿ ಎಷ್ಟು ಜನರ ಕೈಕೆಲಸ ಕಲೆತಿರಬಹುದೋ ಲೆಕ್ಕ ಹಾಕಿ. ಮಾರಾಟವಾಗಿದ್ದು ಒಬ್ಬನ ಹೆಸರಿನಲ್ಲಿ.

ಸೀಲು

ಫೆಂಡರ್ ಗಿಟಾರಿನ ಗುಣ ಕೆಟ್ಟಿದ್ದು 1965ರ ಜನವರಿಯಲ್ಲಿ, ಲಿಯೋ ತನ್ನ ಕಂಪನಿಯನ್ನು ಅಮೆರಿಕದ ರೇಡಿಯೊ, ಟೀವಿ ಕಂಪನಿ ಸಿಬಿಎಸ್‌ಗೆ 130 ಲಕ್ಷ ಡಾಲರಿಗೆ ಮಾರಿದಾಗ ಅಂತ ಒಂದು ಪುರಾಣವೇ ಇದೆ. ಸಿಬಿಎಸ್‌ಗಿಂತ ಹಿಂದಿನದು, ಮುಂದಿನದು ಅಂತ ಕ್ರಿಸ್ತಪೂರ್ವ, ಕ್ರಿಸ್ತಶಕದ ಹಾಗೆ ಹೇಳುತ್ತಾರೆ. ಆದರೆ ಕೈಬರಹದ ಚರಿತ್ರೆ ಆ ತಾರೀಕಿಗೆ ಹೊಂದಲ್ಲ. ನೆಕ್ ಬುಡದ ಪೆನ್ಸಿಲ್ ಹೋಗಿ ರಬ್ಬರ್ ಸೀಲು ಬಂದಿದ್ದು 1962ರಲ್ಲಿ. ಆಗ ಮಾಲೀಕ ಲಿಯೋ ಫೆಂಡರನೇ. ದೊಡ್ಡ ಕಂಪನಿ ಬಂದು ಕಾರ್ಮಿಕರ ಹೆಸರು ಅಳಿಸಿತು ಅನ್ನೋ ಕತೆ ಬರೆಯೋಕೆ ನನಗೂ ಆಸೆ, ಆದರೆ ಅಳಿಸಿದ್ದು ಆರ್ಡರ್ ಜಾಸ್ತಿಯಾಗಿದ್ದೇ ಇರಬೇಕು. ಇಷ್ಟರಲ್ಲೇ ಇನ್ನೊಂದು ಮಜಾ. ನೆಕ್‌ನಲ್ಲಿ ನಿಂತ ಕೈಬರಹ 1964ರ ಸುಮಾರಿಗೆ ಪಿಕಪ್‌ಗಳ ಅಡಿಯಲ್ಲಿ ಶುರುವಾಗುತ್ತೆ. ಕಪ್ಪು ಫೈಬರ್ ತಳದ ಮೇಲೆ ಪಿಕಪ್ ಸುತ್ತಿದವರು ಬರೆದ ತಾರೀಕು. ಹೊಸ ಕಂಪನಿ ಬಂದ ಮೇಲೂ ಕೆಲ ವರ್ಷ ಅದು ನಡೆಯಿತು.

ಪಿಕಪ್ ಸುತ್ತುವುದು ಅಂದ್ರೆ ಕೂದಲಿಗೆ ಸಮಸಮ ಸಣ್ಣಗಿರುವ ತಾಮ್ರದ ತಂತಿಯನ್ನು, ದಪ್ಪದ ಲೆಕ್ಕದಲ್ಲಿ ಗೇಜ್ 42, ಆರು ಅಯಸ್ಕಾಂತದ ಕಡ್ಡಿಗಳ ಸುತ್ತ ಸುಮಾರು 8,000 ಸುತ್ತು ಹಾಕೋದು. ತಿರುಗಿಸೋಕೆ ಮೋಟಾರು. ತಂತಿಯನ್ನು ಆಚೆ ಈಚೆ ಹರಿಸೋದು ಮಾತ್ರ ಬೆರಳು. ಬಿಗಿ ಹಿಡಿದರೆ ತಂತಿ ತುಂಡಾಗುತ್ತೆ, ಸಡಿಲ ಬಿಟ್ಟರೆ ಸುರುಳಿ ಉಬ್ಬುತ್ತೆ. ಅಬಿಗೈಲ್ ಇಬಾರಾ 1956ರಲ್ಲಿ ಫೆಂಡರ್‌ಗೆ ಸೇರಿ ಈ ಕೆಲಸಕ್ಕೆ ಕೂತವರು. 2013ರಲ್ಲಿ ನಿವೃತ್ತರಾದರು. ಕೊನೆಯ ವರ್ಷಗಳಲ್ಲಿ ಕಂಪನಿಯ ಕಸ್ಟಮ್ ಶಾಪ್‌ನಲ್ಲಿ, ಅಂದರೆ ಗಿರಾಕಿ ಕೇಳಿದ ಹಾಗೆ ಮಾಡಿಕೊಡುವ ವಿಭಾಗದಲ್ಲಿ, ಅವರು ಸುತ್ತಿದ ಪಿಕಪ್‌ಗೆ ಅವರ ಸಹಿಯೇ ಬ್ರ್ಯಾಂಡು. ಅಬ್ಬಿ ಪಿಕಪ್ ಅಂತ ಗಿರಾಕಿಗಳು ಜಾಸ್ತಿ ದುಡ್ಡು ಕೊಟ್ಟು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಅವರಿಂದ ಕಲಿತ ಹೊಸೆಫಿನಾ ಕ್ಯಾಂಪೋಸ್ ಆಮೇಲೆ ಆ ಜಾಗದಲ್ಲಿ ಸಹಿ ಹಾಕಿದರು. ಅಬಿಗೈಲ್ ಕತೆಯಲ್ಲಿ ಹೆಂಗಸು ಒಬ್ಬಳೇ, ಕೆಲಸವೂ ಒಂದೇ. ಮೊದಲು ಅವಳ ಗುರುತು ತಪ್ಪು ಹಿಡಿಯೋಕೆ ಇತ್ತು, ಕೊನೆಗೆ ಬೆಲೆ ಏರಿಸೋಕೆ. ಅರುವತ್ತರ ದಶಕದಲ್ಲಿ ಅಬಿಗೈಲ್ ಸುತ್ತಿದ ಪಿಕಪ್ ಇರುವ ಗಿಟಾರ್ ಇವತ್ತು ಕೈಬದಲಾದರೆ ಅದರಲ್ಲಿ ಅವರಿಗೆ ಒಂದು ಪೈಸೆ ಇಲ್ಲ, ಅದು ಬೇರೆ ಮಾತು.

ಮೆಕ್ಸಿಕೋದ್ದು

ಗೋಮೆಜ್, ಇಬಾರಾ, ಲೂಪೆ. ಹೆಸರುಗಳನ್ನು ಒಟ್ಟಿಗೆ ಓದಿದರೆ ಒಂದು ವಿಷಯ ತಾನಾಗೇ ಕಾಣುತ್ತೆ: ಎಲ್ಲ ಸ್ಪ್ಯಾನಿಷ್ ಹೆಸರು, ಮೆಕ್ಸಿಕೋ ಕಡೆಯವು. ಫುಲ್ಲರ್ಟನ್ ಇರೋದು ಆರೆಂಜ್ ಕೌಂಟಿಯಲ್ಲಿ. ಹೆಸರಿಗೆ ತಕ್ಕ ಹಾಗೆ ಆಗೆಲ್ಲ ಕಿತ್ತಳೆ ತೋಟ. ಹಣ್ಣು ಕೀಳೋದು, ಪೆಟ್ಟಿಗೆ ತುಂಬೋದು ಹೆಚ್ಚಾಗಿ ಮೆಕ್ಸಿಕನ್ ಮೂಲದ ಕುಟುಂಬಗಳ ಕೆಲಸ. ಆ ಕೌಂಟಿಯ ಹಲವು ಊರುಗಳಲ್ಲಿ ಅವರ ಮಕ್ಕಳಿಗೆ ಬೇರೆ ಶಾಲೆ. ಮೆಂಡೆಜ್ ಕುಟುಂಬ ಮತ್ತು ಜತೆಗಾರರು ಹಾಕಿದ ಕೇಸಿನಲ್ಲಿ ಅದು ತಪ್ಪು ಅಂತ 1947ರಲ್ಲಿ ಮೇಲಿನ ಕೋರ್ಟು ತೀರ್ಪು ಕೊಟ್ಟಿತು. ಅದಾಗಿ ಮೂರೇ ವರ್ಷಕ್ಕೆ ಮೊದಲ ಬ್ರಾಡ್‌ಕಾಸ್ಟರ್. ಲಿಯೋನ ಕಾರ್ಖಾನೆಗೆ ಬಂದು ಸೋಲ್ಡರಿಂಗ್ ಐರನ್ ಹಿಡಿದವರಲ್ಲಿ ಎಷ್ಟೋ ಜನ ಇದೇ ಕುಟುಂಬಗಳ ಹೆಂಗಸರು. ರಾಕ್ ಸಂಗೀತದ ಸದ್ದು ಅಂತ ನಾವು ಏನನ್ನು ಕರೀತೀವೋ ಅದರ ತಂತಿ ಸುತ್ತಿದ್ದು ಈ ಕೈಗಳು.

1985ರಲ್ಲಿ ಸಿಬಿಎಸ್ ಕೈ ತೊಳೆದುಕೊಂಡಾಗ ಫೆಂಡರ್ ಹೆಸರು ಕೊಂಡವರಿಗೆ ಫುಲ್ಲರ್ಟನ್ ಕಾರ್ಖಾನೆ ಸಿಗಲಿಲ್ಲ. ಹೊಸ ಕಾರ್ಖಾನೆ ಕರೋನಾ ಅನ್ನೋ ಊರಿನಲ್ಲಿ ಆಯ್ತು. 1987ರಲ್ಲಿ ಗಡಿ ದಾಟಿ ಮೆಕ್ಸಿಕೋದ ಎನ್ಸೆನಾಡಾದಲ್ಲಿ ಇನ್ನೊಂದು. ಅಲ್ಲಿಂದ ಬರುವ ಗಿಟಾರು ಅಗ್ಗ, ನಮ್ಮ ಕಡೆ ಹುಡುಗರ ಕೈಗೆ ಎಟುಕೋದು ಅದೇ. ಎಟುಕಿದವರೂ ಸ್ವಲ್ಪ ದನಿ ತಗ್ಗಿಸಿ ಹೇಳುತ್ತಾರೆ, ಮೆಕ್ಸಿಕನ್ನು ಅಂತ. ಟಡೇಯೊ ಗೋಮೆಜ್ ಉಜ್ಜಿದ ನೆಕ್ಕಿಗೆ ಕೈಮುಗಿಯುವ ಬಾಯಲ್ಲೇ ಈ ಮಾತೂ ಬರುತ್ತೆ.

ನನ್ನ ಸ್ನೇಹಿತನೊಬ್ಬನ ಹತ್ರ ಇಂಥದ್ದೊಂದು ಎನ್ಸೆನಾಡಾ ಸ್ಟ್ರಾಟ್ ಇದೆ. ತಂತಿ ಮೇಲೆದ್ದಿದೆ, ನುಡಿಸೋಕೆ ಕಷ್ಟ ಅಂತ ರಿಪೇರಿಗೆ ಒಯ್ದಾಗ ಜತೆಗೆ ಹೋಗಿದ್ದೆ. ರಿಪೇರಿಯವರು ವಯಸ್ಸಾದವರು, ಮಾತು ಕಮ್ಮಿ. ತಂತಿ ಬಿಚ್ಚಿದರು, ಹಿಂದಿನ ನಾಲ್ಕು ಸ್ಕ್ರೂ ತೆಗೆದರು, ನೆಕ್ ಎತ್ತಿ ಬಟ್ಟೆ ಮೇಲೆ ಇಟ್ಟರು. ಬುಡದಲ್ಲಿ ಸೀಲಿನ ಪಕ್ಕ ಮಾರ್ಕರ್ ಪೆನ್ನಿನಲ್ಲಿ ಗೀಚಿದ ಎರಡು ಅಕ್ಷರ ಇತ್ತು. ಒಂದು ಆರ್, ಇನ್ನೊಂದು ಏನೋ ಗೊತ್ತಾಗಲಿಲ್ಲ. ನಾನು ಫೋಟೊ ತೆಗೆಯೋಕೆ ಬಗ್ಗಿದೆ. "ಮೆಕ್ಸಿಕೋದ್ದು ಮಾರಾಯ, ಅದರ ಫೋಟೊ ಏನು ತೆಗೀತೀಯ" ಅಂತ ಸ್ನೇಹಿತ ನಕ್ಕ. ಅವನ ತಲೆಯಲ್ಲಿದ್ದಿದ್ದು ಖರ್ಚಿನ ಲೆಕ್ಕ. ನೆಕ್ ಕೂರುವ ಜಾಗದಲ್ಲಿ ಕಾಗದ ಮಡಚಿ ಇಟ್ಟು ಕೋನ ಸರಿ ಮಾಡಬೇಕಾಗುತ್ತೆ, ಅದಕ್ಕೆ ಬೇರೆ ಚಾರ್ಜು ಅಂತ ಯಾರೋ ಅವನಿಗೆ ಹೆದರಿಸಿದ್ದರು.

ರಿಪೇರಿಯವರು ಬಾಡಿಯ ಗುಂಡಿಯಲ್ಲಿ ಹೆಬ್ಬೆರಳು ಆಡಿಸಿದರು. ನೆಕ್ ವಾಪಸ್ ಇಟ್ಟು, ಸ್ಕ್ರೂ ಹಾಕದೆಯೇ, ಇಡೀ ಗಿಟಾರನ್ನು ನೆಕ್ ಹಿಡಿದು ಮೇಲೆತ್ತಿದರು. ಕಳಚಿ ಬೀಳಲಿಲ್ಲ. "ಕಾಗದ ಗೀಗದ ಏನೂ ಬೇಡ ಸರ್. ಟೈಟಾಗಿ ಕೂತಿದೆ. ತಂತಿ ಕೂರೋ ಬ್ರಿಡ್ಜ್ ಹತ್ರ ಎತ್ತರ ಇಳಿಸಿದ್ರೆ ಆಯ್ತು" ಅಂದರು. ಸ್ನೇಹಿತನಿಗೆ ದುಡ್ಡು ಉಳಿದ ಖುಷಿ. ತಂತಿಗೆ ಒಳ್ಳೇ ಕಂಪನಿಯದ್ದೇ ಹಾಕಿ ಅಂದ.